ಮಳೆಯ ಅಲರ್ಟ್ ಮೊಬೈಲಿಗೆ ಬರುತ್ತಲೇ ಇರಬೇಕಾ?

ಪರ

ಈ ಕಡೆಗೆ ಬರೆಯಲು ಬೇರೆ ಯಾರೂ ಒಪ್ಪಲಿಲ್ಲವಂತೆ, ಹಾಗಾಗಿ ನನ್ನ ಪಾಲಿಗೆ ಬಂತು. ಇರಲಿ, ಹೇಳಲಿಕ್ಕೆ ವಿಷಯ ಇದೆ.

ಮಳೆ ಮೊದಲಿನ ಹಾಗಿಲ್ಲ. ವಾರವಿಡೀ ಬರಬೇಕಾದದ್ದು ಒಂದೇ ರಾತ್ರಿ ಸುರಿದು ಹೋಗುತ್ತದೆ. ಊರೂ ಮೊದಲಿನ ಹಾಗಿಲ್ಲ. ಹೆದ್ದಾರಿ 66 ಅಗಲ ಮಾಡಲಿಕ್ಕೆ ಗುಡ್ಡ ಕಡಿದಿದ್ದಾರೆ, ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ವೀರಮಲಕುನ್ನು ಗುಡ್ಡ 2025ರ ಜುಲೈಯಲ್ಲಿ ರಸ್ತೆಗೇ ಜರಿದು ಬಿತ್ತು. ಅಜ್ಜಂದಿರು ಮೋಡ ನೋಡಿಯೇ ಮಳೆ ಹೇಳುತ್ತಿದ್ದರು, ಸರಿ. ಆದರೆ ಕಡಿದ ಗುಡ್ಡದ ಲೆಕ್ಕ ಅವರಲ್ಲಿ ಇರಲಿಲ್ಲ ಅಲ್ವಾ? 2017ರ ಓಖಿ ಚಂಡಮಾರುತ ನೆನಪು ಮಾಡಿಕೊಳ್ಳಿ, ಎಚ್ಚರಿಕೆ ಮುಟ್ಟುವಾಗ ಎಷ್ಟೋ ದೋಣಿಗಳು ಕಡಲಲ್ಲಿದ್ದವು.

24 ಗಂಟೆಯಲ್ಲಿ ಮಳೆ 204.4 ಮಿಲಿಮೀಟರ್ ದಾಟಬಹುದು ಅಂದರೆ ರೆಡ್ ಅಲರ್ಟ್, 115.6ರಿಂದ ಅಲ್ಲಿವರೆಗೆ ಆರೆಂಜ್. ಇಷ್ಟು ಗೊತ್ತಿದ್ದರೆ ಏನು ಮಾಡಬೇಕು ಅಂತ ಹೊಳೆಯುತ್ತದೆ. ಏನು ಬರುತ್ತದೋ ಗೊತ್ತಿಲ್ಲದೆ ಕಾಯುವುದರಲ್ಲೇ ಹೆದರಿಕೆ ಜಾಸ್ತಿ. ಬೇಡ ಅನ್ನುವವರು ಕಂದೀಲು ಹಚ್ಚಿಕೊಂಡು ಕೂರಲಿ, ನಮಗೇನು? ಸದ್ದು ಕಿರಿಕಿರಿ ಅನ್ನುವುದು ನಿಜ, ನನಗೂ ಕಿರಿಕಿರಿಯೇ. ಮಕ್ಕಳಿಗಂತೂ ಕಲೆಕ್ಟರ್ ರಜೆ ಕೊಡುತ್ತಾರೆ, ಅವರ ಓಟು ನಮಗೇ.

ವಿರೋಧ

ನಮ್ಮ ಅತ್ತೆಯವರನ್ನು ನೋಡಿದ ಮೇಲೂ ಪರವಾಗಿ ಬರೆಯುವವರಿದ್ದರೆ ಬರೆಯಲಿ.

ಪೆರ್ಲದ ಹತ್ತಿರ ನಮ್ಮ ಮನೆ. ಹಿಂದೆ ಎತ್ತರದ ಬರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಎದುರು ಅಡಿಕೆ ತೋಟ. ಅತ್ತೆ ಮದುವೆಯಾಗಿ ಬಂದಾಗಿನಿಂದ ಆ ಬರೆಯ ಕೆಳಗೇ ಮಲಗಿದವರು. ಈಗ ಆಟಿಯ ಮಳೆ ತಿಂಗಳು ಬಂತೆಂದರೆ ಫೋನು ದಿಂಬಿನ ಪಕ್ಕ. ನಮ್ಮ ಕಾಸರಗೋಡು ಜಿಲ್ಲೆಗೆ ಆರೆಂಜ್ ಅಂತ ಮಲಯಾಳದಲ್ಲಿ ಒಂದು ಮೆಸೇಜು. ಅದನ್ನು ನಾನು ಓದಿ ಹೇಳುವಷ್ಟರಲ್ಲಿ ಮಂಗಳೂರಿನ ನಾದಿನಿ ದಕ್ಷಿಣ ಕನ್ನಡದ ರೆಡ್ ಅಲರ್ಟನ್ನು ಮನೆಯ ಗ್ರೂಪಿಗೆ ಹಾಕುತ್ತಾಳೆ, ಅದು ನಮ್ಮ ಜಿಲ್ಲೆಯದ್ದಲ್ಲ ಅಂತ ಯಾರು ನೋಡುತ್ತಾರೆ? ದುಬೈಯಲ್ಲಿರುವ ಮೈದುನ ಟೀವಿಯದ್ದೊಂದು ವಿಡಿಯೋ ಹಾಕಿ ಕೇಳುತ್ತಾನೆ, "ಅಮ್ಮ, ಬರೆ ಹೇಗುಂಟು? ಫೋಟೋ ಕಳಿಸಿ." ಅತ್ತೆ ನಡುರಾತ್ರಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಟಾರ್ಚ್ ಹಿಡಿದು, ಜರಿಯಬಹುದು ಅಂತ ಎಲ್ಲರೂ ಹೆದರುವ ಅದೇ ಬರೆಯ ಬುಡಕ್ಕೆ ಹೋಗಿ ನಿಲ್ಲುತ್ತಾರೆ, ಫೋಟೋ ತೆಗೆಯಲಿಕ್ಕೆ ನನ್ನನ್ನು ಕರೆಯುತ್ತಾರೆ. ಇದಾ ಸುರಕ್ಷತೆ? ಫೋಟೋದಲ್ಲಿ ಕಾಣುವುದು ಬರೀ ಕಪ್ಪು. ಅದಕ್ಕೂ ಮೈದುನ ಕೈಮುಗಿಯುವ ಚಿತ್ರ ಹಾಕುತ್ತಾನೆ. ಬೆಳಿಗ್ಗೆ ನೋಡಿದರೆ ಅಂಗಳದಲ್ಲಿ ಬಿಸಿಲು, ಅತ್ತೆಗೆ ಬಿಪಿ.

ಅಪಾಯ ಎದುರಿಗೆ ಬಂದರೂ ಮೆಸೇಜಿನಲ್ಲಿ ಬಂದರೂ ಮೈಯೊಳಗೆ ಅಡ್ರಿನಲಿನ್, ಕಾರ್ಟಿಸಾಲ್ ಏರಬಹುದು, ಎದೆ ಢವಢವ ಅನ್ನಬಹುದು. ಮಳೆ ನಿಂತರೆ ಜೀವಕ್ಕೆ ಸಮಾಧಾನ. ಫೋನು ನಿಲ್ಲುವುದು ಯಾವಾಗ?

ಇನ್ನು ನಮ್ಮವರು. ಎಷ್ಟೋ ಸಲ ಆರೆಂಜ್ ಅಂದ ದಿನವೇ ಮಳೆ ಬಿಟ್ಟು ಹೊಳವು ಬಿದ್ದು, ಈಗ ಅವರು ಮೆಸೇಜು ತೆರೆಯುವುದೂ ಇಲ್ಲ, ಸೀದಾ ತೋಟಕ್ಕೆ ಮದ್ದು ಬಿಡಲು ಜನ ಕರೆಯುತ್ತಾರೆ. ಕೊಳೆರೋಗ ಬಂದರೆ ಅಲರ್ಟ್ ಕೊಟ್ಟವರು ಅಡಿಕೆ ಕೊಡುತ್ತಾರಾ ಅಂತ ಅವರ ಪ್ರಶ್ನೆ. ಒಂದೇ ಮೆಸೇಜಿಗೆ ಒಬ್ಬರಿಗೆ ನಿದ್ದೆ ಇಲ್ಲ, ಒಬ್ಬರಿಗೆ ಲೆಕ್ಕವೇ ಇಲ್ಲ.

ವಯನಾಡು ಅಂತೀರಿ, ಗೊತ್ತು. 2024ರ ಜುಲೈ 30ರ ಮುಂಚೆ ಅಲ್ಲಿಗೆ ಇದ್ದದ್ದು ಆರೆಂಜ್, ರೆಡ್ ಬಂದದ್ದು ಗುಡ್ಡ ಜರಿದ ಮೇಲೆ ಅಂತ ಕೇರಳದ ಆಗಿನ ಮುಖ್ಯಮಂತ್ರಿಯೇ ಹೇಳಿದ್ದರು. ಆ ಮಾತು ಅಲ್ಲಿಗೇ ಇರಲಿ.

ನಮ್ಮ ಮನೆಯ ಹಿಂದೆ ಬರೆ ಇದೆ ಅಂತ ಅಲರ್ಟ್ ಕಳಿಸುವ ತಿರುವನಂತಪುರಕ್ಕೆ ಗೊತ್ತಿಲ್ಲ, ವಾರ್ಡಿನ ಮೆಂಬರಿಗೆ ಗೊತ್ತಿದೆ. "ಅಕ್ಕಾ, ಇವತ್ತು ಅತ್ತೆಯನ್ನು ಕರೆದುಕೊಂಡು ಶಾಲೆಗೆ ಬನ್ನಿ" ಅಂತ ಅವರು ಒಂದು ಫೋನ್ ಮಾಡಿದರೆ ನಾವು ಹೊರಟೇವು, ನಮ್ಮವರೂ ಹೊರಟಾರು.