ಸುಮ್ನೆ ಕೂರುವ ಕಂಪ್ಯೂಟರು

ಫೋನಿನಿಂದ ಪೆನ್‌ಡ್ರೈವಿಗೆ ಒಂದು ಸಿನಿಮಾ ಹಾಕಿಕೊಳ್ಳೋಕೆ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಸಾಕು. ಮೂರು ತಾಸಿನ ಮದುವೆ ವಿಎಚ್‌ಎಸ್ ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಯಬೇಕಾದರೆ ಮಾತ್ರ ಮೂರು ತಾಸೇ ಬೇಕು. ಕ್ಯಾಸೆಟ್ಟು ಓಡಿಸುವ ವಿಸಿಆರ್ ಒಳಗೆ, ಟೇಪು ಓದುವ ಹೆಡ್ ಇರುವ ಡ್ರಮ್ಮು ನಿಮಿಷಕ್ಕೆ 1500 ಸುತ್ತು ಗಿರಗಿರ ತಿರುಗುತ್ತಿರುತ್ತದೆ. ಆದರೆ ಟೇಪು ಜರುಗುವುದು ಸೆಕೆಂಡಿಗೆ 2.34 ಸೆಂಟಿಮೀಟರ್ ಅಷ್ಟೇ. ಆ ಗತ್ತಿನಲ್ಲೇ ಅದು ಬರಬೇಕು. ಹೊಸ ಕಂಪ್ಯೂಟರು ತಂದರೂ ಅಷ್ಟೇ, ಹಳೇದಾದರೂ ಅಷ್ಟೇ.

ಹಾಗಾಗಿ ಮನೆಯ ಕಂಪ್ಯೂಟರನ್ನು ಈ ಕೆಲಸಕ್ಕೆ ತಯಾರು ಮಾಡುವುದೆಂದರೆ, ಅಷ್ಟು ಹೊತ್ತು ಬೇರೇನೂ ಮಾಡದೆ ಕೂರುವಂತೆ ಅದನ್ನು ಒಪ್ಪಿಸುವುದು. ಇದು ಕೇಳೋಕೆ ಸುಲಭ. ನಮ್ಮ ಕಾಲದ ಕಂಪ್ಯೂಟರಿಗೆ ಸುಮ್ನೆ ಕೂತು ಅಭ್ಯಾಸವೇ ಇಲ್ಲ. ನಾವು ಏನೂ ಹೇಳದಿದ್ದರೂ ಒಳಗೊಳಗೇ ಏನಾದರೂ ನಡೆಸಿರುತ್ತದೆ. ಅಪ್‌ಡೇಟ್ ಬಂತು ಅನ್ನುತ್ತದೆ. ವೈರಸ್ ಹುಡುಕುತ್ತದೆ. ಯಾರೂ ಮುಟ್ಟಲಿಲ್ಲ ಅಂತ ನಿದ್ದೆಗೆ ಜಾರುತ್ತದೆ. ಇವೆಲ್ಲವನ್ನೂ ಒಂದೊಂದಾಗಿ ಆಫ್ ಮಾಡಬೇಕು. ನಾನಂತೂ ಇಂಟರ್ನೆಟ್ಟಿನ ವೈರನ್ನೇ ಕಿತ್ತಿಡುತ್ತೇನೆ. ಅದಕ್ಕಿಂತ ನಂಬಿಕೆಯ ಉಪಾಯ ಇಲ್ಲ. ಜೊತೆಗೆ ಯುಪಿಎಸ್ ಬೇಕೇ ಬೇಕು. ಧಾರವಾಡದ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಮೂರು ತಾಸಿನ ಕೆಲಸಕ್ಕೆ ಕೂರುವ ಧೈರ್ಯ ನನಗಿಲ್ಲ.

ಇಷ್ಟೆಲ್ಲ ಯಾಕೆ ಅಂದರೆ, ನಮ್ಮ ಕಡೆಯ ಟಿವಿಯ ಪಾಲ್ ಪದ್ಧತಿಯಲ್ಲಿ ತುಂಬಿದ ಟೇಪಿನಿಂದ ಸೆಕೆಂಡಿಗೆ 25 ಚಿತ್ರ ಬರುತ್ತವೆ. ಕಂಪ್ಯೂಟರಿನ ಲಕ್ಷ್ಯ ಬೇರೆ ಕಡೆ ಹೋದರೆ ನಡುವೆ ಕೆಲವು ಬಿದ್ದು ಹೋಗುತ್ತವೆ. ಟೇಪು ಕಾಯುವುದಿಲ್ಲ. ಒಂದೆರಡು ಬಿದ್ದರೆ ಯಾರಿಗೂ ಗೊತ್ತಾಗದು. ಬೀಳುತ್ತಾ ಹೋದರೆ ಚಿತ್ರಕ್ಕೂ ಧ್ವನಿಗೂ ತಾಳ ತಪ್ಪುತ್ತದೆ. ಆಮೇಲೆ ಭಟ್ಟರು ಬಾಯಿ ಮುಚ್ಚಿದ ಮೇಲೆ ಮಂತ್ರ ಕೇಳಿಸುತ್ತದೆ. ತಾಳಿ ಕಟ್ಟಿ ಆದ ಮೇಲೆ ಗಟ್ಟಿಮೇಳ.

ಜಾಗದ ಲೆಕ್ಕವೂ ಇದೆ. 720ಕ್ಕೆ 576 ಚುಕ್ಕೆಯ ಚಿತ್ರವನ್ನು ಹಿಂಡಿ ಸಣ್ಣದು ಮಾಡದೆ ಹಾಗೇ ಇಳಿಸಿಕೊಂಡರೆ ತಾಸಿಗೆ ಸುಮಾರು 75 ಜಿಬಿ. ಸ್ವಲ್ಪವೇ ಹಿಂಡುವ ಡಿವಿ ಅನ್ನುವ ರೂಪದಲ್ಲಾದರೆ ಸುಮಾರು 13 ಜಿಬಿ. ಕೊನೆಗೆ ಅದೆಲ್ಲ 4.7 ಜಿಬಿಯ ಡಿವಿಡಿಯಲ್ಲಿ ಕೂರಬೇಕು. ಮೊದಲೇ ಸಣ್ಣದು ಮಾಡಿ ಇಳಿಸಿಕೊಂಡರಾಯ್ತಲ್ಲ ಅಂತ ಕೆಲವರು ಕೇಳುತ್ತಾರೆ. ಆಗುತ್ತದೆ. ಆದರೆ ಮೊದಲೇ ಹಿಂಡಿದ್ದನ್ನು ಆಮೇಲೆ ಕತ್ತರಿಸಿ, ತಿದ್ದಿ, ಮತ್ತೆ ಹಿಂಡಿದರೆ ಮುಖಗಳೆಲ್ಲ ಚೌಕಚೌಕ ಆಗುತ್ತವೆ. ವಿಂಡೋಸ್ ಇರುವ ಡಿಸ್ಕಿಗೇ ಇದನ್ನೂ ತುಂಬಬಾರದು, ಬೇರೆ ಡಿಸ್ಕ್ ಇದ್ದರೆ ಒಳ್ಳೆಯದು. ಆ ಡಿಸ್ಕು ಫೈಲು ಜೋಡಿಸಿಡುವ ಹಳೆಯ ಫ್ಯಾಟ್32 ಪದ್ಧತಿಯದಾಗಿದ್ದರೆ ಒಂದು ಫೈಲು 4 ಜಿಬಿ ದಾಟುವುದಿಲ್ಲ. ಸರಿಯಾಗಿ ಆರತಿ ಹೊತ್ತಿಗೆ ರೆಕಾರ್ಡಿಂಗ್ ನಿಂತುಬಿಡುತ್ತದೆ. ಡಿಸ್ಕನ್ನು ಎನ್‌ಟಿಎಫ್‌ಎಸ್ ಅನ್ನುವ ಇನ್ನೊಂದು ಪದ್ಧತಿಗೆ ಮಾಡಿಕೊಂಡರೆ ಆ ಚಿಂತೆ ಇಲ್ಲ.

ಕಂಪ್ಯೂಟರು ತಯಾರಾದರೂ ಕ್ಯಾಸೆಟ್ಟು ತಯಾರಿರಬೇಕಲ್ಲ. ಮಾಳಮಡ್ಡಿಯ ನಮ್ಮ ಹಳೇ ಮನೆಯ ಅಟ್ಟದ ಮೇಲೆ ಅವು ಎಷ್ಟು ಮಳೆಗಾಲ ಕಳೆದಿವೆಯೋ. ಕಿಟಕಿಯಂಥ ಪ್ಲಾಸ್ಟಿಕ್ಕಿನೊಳಗೆ ಇಣುಕಿ ನೋಡಿದರೆ ಕೆಲವದರ ಸುರುಳಿಯ ಅಂಚಿಗೆ ಬೆಳ್ಳಗೆ ಬೂಷ್ಟು. ಅಂಥದ್ದನ್ನು ಹಾಗೇ ವಿಸಿಆರಿಗೆ ತುರುಕಿದರೆ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಒಳ್ಳೆಯ ಕ್ಯಾಸೆಟ್ಟಿಗೂ ದಾಟುತ್ತದೆ. ವಿಸಿಆರು ಕೆಟ್ಟರೆ ಇನ್ನೊಂದು ಹೊಸದು ಸಿಗುವುದಿಲ್ಲ. ಜಪಾನಿನ ಫುನಾಯಿ ಕಂಪನಿ 2016ರಲ್ಲೇ ಅದನ್ನು ತಯಾರಿಸುವುದನ್ನು ನಿಲ್ಲಿಸಿತು, ಕೊನೆಗೆ ಉಳಿದಿದ್ದು ಅದೊಂದೇ. ಬೂಷ್ಟು ಇಲ್ಲದವನ್ನೂ ಮೊದಲು ಒಂದು ಸಲ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ ಸಡಿಲ ಮಾಡಿಕೊಳ್ಳಬೇಕು. ಕ್ಯಾಸೆಟ್ಟಿನ ಬೆನ್ನಿಗಿರುವ ಸಣ್ಣ ಪ್ಲಾಸ್ಟಿಕ್ ಹಲ್ಲನ್ನು ಮುರಿದುಬಿಡಬೇಕು. ಆಗ ಯಾರಾದರೂ ಕೈತಪ್ಪಿ ರೆಕಾರ್ಡ್ ಬಟನ್ ಒತ್ತಿದರೂ ಮದುವೆ ಅಳಿಸಿ ಹೋಗುವುದಿಲ್ಲ.

ಹಳದಿ ವೈರು ಚಿತ್ರಕ್ಕೆ, ಕೆಂಪು ಬಿಳಿ ಧ್ವನಿಗೆ. ಅವು ಯುಎಸ್‌ಬಿಯ ಒಂದು ಸಣ್ಣ ಡಬ್ಬಿಗೆ, ಡಬ್ಬಿ ಕಂಪ್ಯೂಟರಿಗೆ. ಚಾಲೂ ಮಾಡಿದರೆ ಅಕ್ಕನ ಮದುವೆ.

ಟಿವಿ ಇಷ್ಟು ವರ್ಷ ಎಷ್ಟೊಂದು ಮುಚ್ಚಿಟ್ಟಿತ್ತು ಅನ್ನುವುದು ಆಗ ಗೊತ್ತಾಗುತ್ತದೆ. ಚಿತ್ರದ ಕೆಳಗಿನ ಅಂಚಿನಲ್ಲಿ ಒಂದು ಪಟ್ಟಿ ಸದಾ ಅಲುಗಾಡುತ್ತಿರುತ್ತದೆ. ಒಂದು ಹೆಡ್ಡು ಬಿಟ್ಟು ಇನ್ನೊಂದು ಹೆಡ್ಡು ಓದಲು ಹಿಡಿಯುವ ಜಾಗ ಅದು. ಹಳೇ ಟಿವಿ ಆ ಅಂಚನ್ನು ಚೌಕಟ್ಟಿನ ಹಿಂದೆ ಅಡಗಿಸುತ್ತಿತ್ತು. ಅಕ್ಷತೆ ಎರಚುವ ಕೈಗಳು ಬಾಚಣಿಕೆಯ ಹಲ್ಲಿನಂತೆ ಸೀಳಾಗಿ ಕಾಣುತ್ತವೆ, ಯಾಕೆಂದರೆ ಒಂದೊಂದು ಚಿತ್ರವೂ ಬೆಸ ಗೆರೆ, ಸಮ ಗೆರೆ ಅಂತ ಎರಡು ಕಂತಿನಲ್ಲಿ ಬಂದಿರುತ್ತದೆ. ವಿಎಚ್‌ಎಸ್‌ನಲ್ಲಿ ಬಣ್ಣಕ್ಕೆ ಸಿಕ್ಕ ಜಾಗವೂ ಕಡಿಮೆ. ಅಕ್ಕನ ಇಳಕಲ್ ಸೀರೆಯ ಕೆಂಪು ಸೆರಗಿನಾಚೆ ಹರಿದು ಭಾವನ ಬಿಳಿ ಅಂಗಿಗೂ ಸ್ವಲ್ಪ ಹತ್ತಿದೆ. ಮಿಕ್ಸಿಂಗ್ ಮಾಡಿದವನು ಮಾತ್ರ ಯಾವುದಕ್ಕೂ ಜಿಪುಣತನ ಮಾಡಿಲ್ಲ. ಇಬ್ಬರ ಮುಖವನ್ನೂ ಹೃದಯದೊಳಗೆ ಕೂರಿಸಿ, ಆ ಹೃದಯವನ್ನು ತಾಜಮಹಲಿನ ಮೇಲೆ ತಿರುಗಿಸಿದ್ದಾನೆ.

ಇಷ್ಟಾಗುವಾಗ ಕಂಪ್ಯೂಟರು ಹೇಳಿದ ಮಾತು ಕೇಳಿ ಸುಮ್ಮನೆ ಕೂತಿರುತ್ತದೆ. ಮನೆಯವರು ಕೂರಬೇಕಲ್ಲ.

"ಏ, ಅಕಿ ಯಾರು? ನರಗುಂದದ ಅತ್ಯಾ ಅಲ್ಲೇನು? ಸ್ವಲ್ಪ ಹಿಂದಕ್ಕ ತಗೋ" ಅಂತಾಳೆ ಅವ್ವ.

"ಈಗ ಹಿಂದಕ್ಕ ತಗೊಳ್ಳಾಕ ಬರಂಗಿಲ್ಲವ್ವಾ. ರೆಕಾರ್ಡ್ ಆಗಾಕತ್ತೇದ."

"ಬರೇ ಮಾರಿ ನೋಡತೀನೋ. ಆ ಪಾಟ್ಲಿ ಅಕೀದಲ್ಲ, ನಂದು."

ಅಷ್ಟರಲ್ಲಿ ಅತ್ಯಾ ದಾಟಿ ಹೋಗಿರುತ್ತಾಳೆ. ಅಪ್ಪನಿಗೆ ಊಟದ ಪಂಕ್ತಿ ಎಲ್ಲಿ ಅನ್ನುವ ಚಿಂತೆ. ಅಕ್ಕನ ಮಗನಿಗೆ, "ಮಾಮಾ, ಓಡಿಸಿ ನೋಡಿದ್ರ ಆಗ್ತದಲ್ಲ?" ಅನ್ನುವ ಪ್ರಶ್ನೆ. ಹತ್ತು ಸೆಕೆಂಡು ಮುಂದೆ, ಹತ್ತು ಸೆಕೆಂಡು ಹಿಂದೆ ಅಂತ ಬೆರಳಿನಲ್ಲಿ ದಬ್ಬಿ ನೋಡುವ ಹುಡುಗ ಅವನು. ಹಾರ ಹಾಕುವುದಕ್ಕೆ ಇಷ್ಟು ಹೊತ್ತು ಯಾಕೆ ಅಂತ ಅವನಿಗೆ ಅರ್ಥವಾಗುವುದೇ ಇಲ್ಲ. ಆದರೂ ಎದ್ದು ಹೋಗಲಿಲ್ಲ. ಹೋಗಿದ್ದರೆ ಅವನ ಅವ್ವ ತವರು ಬಿಡುವಾಗ ಬಿಕ್ಕಿಬಿಕ್ಕಿ ಅತ್ತದ್ದು, ಅಳುವಿನ ನಡುವೆಯೇ ಕ್ಯಾಮೆರಾದವನನ್ನು ಓರೆಗಣ್ಣಿನಲ್ಲಿ ನೋಡಿದ್ದು ತಪ್ಪುತ್ತಿತ್ತು. ಈಗ ಅದನ್ನೇ ಹಿಡಿದು ಅವಳನ್ನು ಕಾಡಿಸುತ್ತಾನೆ.

ಸುದ್ದಿ ಗದಗಿನವರೆಗೂ ಹೋಗಿದೆ. ಕಾಕಾ ಫೋನ್ ಮಾಡಿದ್ದರು. ಅವರ ಹತ್ತಿರವೂ ಒಂದು ಚೀಲ ಕ್ಯಾಸೆಟ್ಟು ಇವೆಯಂತೆ, ಮುಂಜಿವಿದು, ಮನೆ ಶಾಂತಿದು.

"ಎಲ್ಲಾ ಡಿಸ್ಕ್ ಮಾಡಿ ಕೊಡಪಾ."

"ಮಾಡೋಣ ಕಾಕಾ. ಡಿಸ್ಕ್ ಹಾಕಿ ನೋಡಾಕ ನಿಮ್ಮ ಮನ್ಯಾಗ ಪ್ಲೇಯರ್ ಅದ ಏನು?"

ಕಾಕಾ ಯೋಚಿಸಿದರು. "ಇಲ್ಲಲ್ಲೋ. ಬರೂಮುಂದ ಅದೊಂದು ನೀನ ತಗೊಂಡ ಬಂದಬಿಡು."