ಹತ್ತು ಕೆ.ಜಿ. ಅವರೆಗೆ ಗೋಡೌನ್ ವಿಷ

ಈಗಷ್ಟೇ ಹಾಸನದಿಂದ ಬಂದೆ, ತಲೆ ಇನ್ನೂ ಬಿಸಿಯಾಗೇ ಇದೆ. ಗೊಬ್ಬರದಂಗಡೀಲಿ ಒಬ್ಬ ಅಜ್ಜಿ "ಬಿತ್ತನೆ ಅವರೆಗೆ ಹುಳ ಬೀಳ್ತದೆ ಕಣಪ್ಪ, ಏನಾದ್ರೂ ಕೊಡು" ಅಂದ್ರು. ಎಷ್ಟಿದೆ ಅಂದ್ರೆ ಹತ್ತು ಕೆ.ಜಿ. ಅಂತೆ. ಅಂಗಡಿಯವನು ಎರಡು ಗುಳಿಗೆ ತೆಗೆದು ಪೇಪರಲ್ಲಿ ಸುತ್ತಿ, "ಚೀಲದ ಮಧ್ಯ ಇಡವ್ವ, ಒಂದು ಹುಳಾನೂ ಉಳಿಯಲ್ಲ" ಅಂದ. ಹುಳ ಉಳಿಯಲ್ಲ, ಸರಿ. ಅದೇ ಕೋಣೇಲಿ ಮಲಗೋ ಮೊಮ್ಮಕ್ಕಳು?

ಆ ಗುಳಿಗೆ ಅಲ್ಯೂಮಿನಿಯಂ ಫಾಸ್ಫೈಡ್, ಗೋಡೌನಿನ ದಾಸ್ತಾನಿಗೆ ಇಡೋ ವಿಷ. ಗಾಳಿಯ ತೇವ ತಾಕಿದ್ರೆ ಸಾಕು, 3 ಗ್ರಾಂ ಗುಳಿಗೆಯಿಂದ 1 ಗ್ರಾಂ ಫಾಸ್ಫೀನ್ ಅನ್ನೋ ವಿಷಾನಿಲ ಹೊರಡುತ್ತೆ. ಅದಕ್ಕೆ ಪ್ರತಿವಿಷ ಇಲ್ಲ. ಸಾಮಾನ್ಯ ಜನರಿಗೆ ಮಾರೋ ಹಾಗೇ ಇಲ್ಲ. ಕಾಳಿಗೆ ಎಣ್ಣೆ ಹಚ್ಚಿದ್ರೆ ಸಾಕಲ್ಲ ಅಂತ ನಾನು ಬಾಯಿ ಹಾಕಿದ್ದಕ್ಕೆ "ಓದಿದೋರು ಸಾರ್ ನೀವು, ಎಣ್ಣೆ ಹಚ್ಕೊಂಡು ಕೂತ್ಕೊಳ್ಳಿ" ಅಂದ.

ಹೌದು ಮಾರಾಯ, ಎಣ್ಣೆನೇ! ಕಾಳಿನ ಸಿಪ್ಪೆ ಮೇಲೆ ಬಿಳಿ ಚುಕ್ಕೆ ಕಾಣುತ್ತಲ್ಲ, ಅದು ಕಾಳು ಕೊರೆಯೋ ದುಂಬಿಯ ಮೊಟ್ಟೆ. ಮರಿ ಆ ಮೊಟ್ಟೆಯ ಅಡಿಯಿಂದಲೇ ನೇರ ಕಾಳೊಳಗೆ ಕೊರೆಯುತ್ತೆ, ಸುಮಾರು ತಿಂಗಳಲ್ಲಿ ದುಂಬಿಯಾಗಿ ದುಂಡಗೆ ತೂತು ಮಾಡ್ಕೊಂಡು ಹೊರಗೆ ಬರುತ್ತೆ. ಕೆ.ಜಿ.ಗೆ 5 ಎಂ.ಎಲ್. ಹರಳೆಣ್ಣೆನೋ ಬೇವಿನೆಣ್ಣೆನೋ ಹಾಕಿ ಅಂಗೈಲಿ ಚೆನ್ನಾಗಿ ಉಜ್ಜಿದ್ರೆ ಆ ಮೊಟ್ಟೆಗೆ ಉಸಿರಾಡೋಕೆ ಗಾಳಿ ಸಿಗಲ್ಲ. ಅಜ್ಜಿಯ ಅಷ್ಟೂ ಕಾಳಿಗೆ 50 ಎಂ.ಎಲ್., ಒಂದು ಟೀ ಲೋಟದ ಅರ್ಧ. ಬೀಜ ಮೊಳಕೆಯೊಡೆಯೋದಕ್ಕೂ ತೊಂದರೆ ಇಲ್ಲ.

ಆದ್ರೆ ಹುಳ ಒಳಗೆ ಸೇರಿದ ಮೇಲೆ ಎಣ್ಣೆ ಹಚ್ಚಿ ಪ್ರಯೋಜನ ಇಲ್ಲ. ಇದು ಹೊಲದಲ್ಲೇ ಅಂಟಿಕೊಂಡು ಬರೋ ಪೀಡೆ. ಕಟಾವಾದ ತಕ್ಷಣ, ಹಲ್ಲಲ್ಲಿ ಕಚ್ಚಿದ್ರೆ ಕಟ್ ಅನ್ನೋವರೆಗೂ ಒಣಗಿಸಿ ಹಚ್ಚಬೇಕು. ಹುರುಳಿಗೂ ಅಲಸಂದೆಗೂ ಇದೇ.

ಇನ್ನು ಶುರುವಾಗುತ್ತೆ, "ಸಾವಿರಾರು ಟನ್ ದಾಸ್ತಾನಿಗೆ ಎಣ್ಣೆ ಉಜ್ಜೋಕಾಗುತ್ತಾ?" ಆಗಲ್ಲ. ಉಜ್ಜಿ ಅಂತ ಯಾರು ಹೇಳಿದ್ರು? ಅಲ್ಲಿ ಟಾರ್ಪಾಲು ಹೊದಿಸಿ, ಬೀಗ ಹಾಕಿ, ತರಬೇತಿ ಆದವರು ಗುಳಿಗೆ ಇಡ್ತಾರೆ, ಇಡಲಿ. ನಾನು ಹೇಳ್ತಿರೋದು ಅಟ್ಟದ ಮೇಲಿನ ಹತ್ತು ಕೆ.ಜಿ. ವಿಷಯ!

ಸಾವಯವ ಭಾಷಣ ಮಾಡೋನು ನಾನಲ್ಲ ಅಂತ ನಿಮಗೆ ಗೊತ್ತು. ಆಲೂಗೆಡ್ಡೆಗೆ ಅಂಗಮಾರಿ ಬಂದ್ರೆ ನಾನೂ ಡ್ರಮ್ಮಲ್ಲಿ ಔಷಧಿ ಕಲಸೋನೇ. ನಿಜ ಹೇಳ್ಬೇಕಂದ್ರೆ "ಪ್ರಕೃತಿ ಮಾತೆ" ಅಂತ ಪೋಸ್ಟ್ ಹಾಕೋರನ್ನ ಕಂಡ್ರೂ ನನಗೆ ಇಷ್ಟೇ ಸಿಟ್ಟು. ಆದ್ರೆ ಇಪ್ಪತ್ತು ರೂಪಾಯಿ ಎಣ್ಣೇಲಿ ಮುಗಿಯೋ ಕೆಲಸಕ್ಕೆ ಮಲಗೋ ಕೋಣೆಗೆ ಫಾಸ್ಫೀನ್ ಬಿಡೋದು ಯಾವ ಊರಿನ ಆಧುನಿಕತೆ?

ಬಜೆ ಬೇರಿನ ಪುಡೀನೂ ಕೆಲಸ ಮಾಡುತ್ತೆ, ಕೆ.ಜಿ.ಗೆ 10 ಗ್ರಾಂ. ಅದು ಬಿತ್ತನೆ ಬೀಜಕ್ಕೆ ಮಾತ್ರ. ಗಿಡದ್ದು ಅಂದಮಾತ್ರಕ್ಕೆ ಎಲ್ಲಾ ಹೊಟ್ಟೆಗೆ ಒಳ್ಳೇದಲ್ಲ. ಸಾರಿನ ಕಾಳಿಗೆ ಹರಳೆಣ್ಣೆ ಹಚ್ಚಿ, ಬೇಯಿಸೋ ಮುಂಚೆ ತೊಳ್ಕೊಳ್ಳಿ. ಬೇವಿನೆಣ್ಣೆ ಹಚ್ಚಿದ ಅವರೇನ ಸಾರಿಗೆ ಹಾಕಿ, ಆಮೇಲೆ ನನಗೆ ಫೋನ್ ಮಾಡಿ ಬೈಬೇಡಿ.