ಮೂರು ಸಾಕ್ಷಿ ತನ್ನಿ, ಪದ ತಗೊಳ್ಳಿ

ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಲು ಮೂವರು ಸಾಕ್ಷಿ ಬೇಕು. ಮೂವರು ಗೆಳೆಯರನ್ನು ಹಿಡಿದು ತಂದು, ಸಹಿ ಹಾಕಿಸಿ, ಮಸಾಲೆ ದೋಸೆ ಕೊಡಿಸಿದರೆ ಮುಗಿಯಿತು. ಇಂಗ್ಲಿಷ್ ವಿಕ್ಷನರಿ ಅಂದರೆ ಎಲ್ಲ ಭಾಷೆಯ ಪದಗಳಿಗೂ ಇಂಗ್ಲಿಷಿನಲ್ಲಿ ಅರ್ಥ ಕೊಡುವ, ಜನರೇ ಸೇರಿ ಬರೆಯುವ ಆನ್‌ಲೈನ್ ನಿಘಂಟು. ಅದಕ್ಕೆ ಎಸ್ಪೆರಾಂಟೊ ಎಂಬ ಕಟ್ಟಿದ ಭಾಷೆಯ ಒಂದು ಪದ ಸೇರಿಸುವುದು ಅಷ್ಟು ಸುಲಭವಲ್ಲ. ಅಲ್ಲೂ ಮೂರೇ ಸಾಕ್ಷಿ. ಆದರೆ ಇಲ್ಲಿ ಸಾಕ್ಷಿ ಅಂದರೆ ಯಾರೋ ಆ ಪದವನ್ನು ಬಳಸಿ ಬರೆದ ಬರಹ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಿರಬಾರದು. ಮೊದಲನೆಯದಕ್ಕೂ ಕೊನೆಯದಕ್ಕೂ ಕನಿಷ್ಠ ಒಂದು ವರ್ಷದ ಅಂತರ ಬೇಕು. 'ದೊಡ್ಡ ನಿಘಂಟಿನಲ್ಲೇ ಇದೆಯಲ್ಲ ಸ್ವಾಮಿ' ಅಂದರೆ ನಡೆಯಲ್ಲ. ನಿಘಂಟು ಪದದ ಹೆಸರು ಹೇಳುತ್ತದೆ ಅಷ್ಟೇ, ಬಳಸುವುದಿಲ್ಲವಂತೆ!

ಇಂಗ್ಲಿಷಿಗೆ, ಫ್ರೆಂಚಿಗೆ ಈ ನಿಯಮ ಸರಿಯೇ. ಇಲ್ಲದಿದ್ದರೆ ಕಾಲೇಜು ಹುಡುಗರು ಕ್ಯಾಂಟೀನಿನಲ್ಲಿ ಹುಟ್ಟಿಸಿದ್ದೆಲ್ಲ ಸಂಜೆಯೊಳಗೆ ನಿಘಂಟು ಸೇರುತ್ತದೆ. ಆದರೆ ಎಸ್ಪೆರಾಂಟೊದ ಹುಟ್ಟುಗುಣವೇ ಬೇರೆ. 1887ರಲ್ಲಿ ವಾರ್ಸಾದ ಕಣ್ಣಿನ ಡಾಕ್ಟರ್ ಜಾಮೆನ್‌ಹಾಫ್ ಈ ಭಾಷೆಯನ್ನು ತಾವೇ ಕಟ್ಟಿ ಒಂದು ಪುಟ್ಟ ಪುಸ್ತಕ ತಂದರು. 16 ನಿಯಮ, ಸುಮಾರು 900 ಧಾತು. ಉಳಿದದ್ದನ್ನು ನೀವೇ ಕಟ್ಟಿಕೊಳ್ಳಿ ಅನ್ನುವುದು ಅವರ ಲೆಕ್ಕ.

ಕಟ್ಟುವುದು ಹೀಗೆ. 'ಸಾನ' ಅಂದರೆ ಆರೋಗ್ಯವಾಗಿರುವ. ಮುಂದೆ 'ಮಾಲ್' ಹಾಕಿದರೆ ಉಲ್ಟಾ, ಕಾಯಿಲೆ ಬಿದ್ದ. ಹಿಂದೆ 'ಉಲ್' ಸೇರಿಸಿದರೆ ರೋಗಿ. 'ಎಯ್' ಸೇರಿಸಿದರೆ ರೋಗಿಗಳ ಜಾಗ. ಮಾಲ್ಸಾನುಲೇಯೊ, ಅಂದರೆ ಆಸ್ಪತ್ರೆ. ಇಷ್ಟಕ್ಕೇ ಯಾಕೆ ನಿಲ್ಲಬೇಕು? 'ಎಸ್ಟ್ರ್' ಮುಖ್ಯಸ್ಥ, 'ಇನ್' ಹೆಣ್ಣು, 'ಎಕ್ಸ್' ಮಾಜಿ. ಎಕ್ಸ್‌ಮಾಲ್ಸಾನುಲೆಯೆಸ್ಟ್ರೀನೊ! ಆಸ್ಪತ್ರೆಯ ಮಾಜಿ ಮುಖ್ಯಸ್ಥೆ. ಎಸ್ಪೆರಾಂಟೊ ಬಲ್ಲವರು ಜನ್ಮದಲ್ಲಿ ಕೇಳಿರದಿದ್ದರೂ ಒಂದು ಉಸಿರು ತಗೊಂಡು ಅರ್ಥ ಹೇಳುತ್ತಾರೆ. ನಿಘಂಟು ಮಾತ್ರ ತಲೆ ಎತ್ತದೆ ಕೇಳುತ್ತದೆ: ಸಾಕ್ಷಿ ಎಲ್ಲಿ?

ಸಾಕ್ಷಿ ಸಿಗಬೇಕಾದರೆ ಎಲ್ಲೋ ಒಬ್ಬ ಮೇಡಂ ಆಸ್ಪತ್ರೆ ನಡೆಸಿ ರಿಟೈರ್ ಆಗಬೇಕು. ಅವರ ಬಗ್ಗೆ ಯಾರಿಗೋ ಎಸ್ಪೆರಾಂಟೊದಲ್ಲೇ ಬರೆಯುವ ಮನಸ್ಸು ಬರಬೇಕು. ಇದು ಇನ್ನೂ ಎರಡು ಸಲ ನಡೆಯಬೇಕು, ಅವಸರವಿಲ್ಲದೆ, ವರ್ಷ ದಾಟಿಸಿಕೊಂಡು. ನಡುವೆ ಯಾವ ಪುಣ್ಯಾತ್ಮನೂ 'ಹಿಂದೆ ಆಸ್ಪತ್ರೆ ನಡೆಸುತ್ತಿದ್ದ ಹೆಂಗಸು' ಅಂತ ಬಿಡಿಸಿ ಬರೆದು ಕೆಲಸ ಕೆಡಿಸಬಾರದು.

ಯೂಸ್‌ನೆಟ್ ಎಂಬ ಹಳೆಯ ಇಂಟರ್ನೆಟ್ ಚರ್ಚಾಕಟ್ಟೆಯ ಜಗಳಗಳು ಸಾಕ್ಷಿಯಾಗಿ ನಡೆಯುತ್ತವೆ. 1970ರಲ್ಲಿ ಬಂದ 'ಪ್ಲೇನಾ ಇಲುಸ್ಟ್ರೀತಾ ವೊರ್ತಾರೊ' ಎಂಬ ದಪ್ಪ ನಿಘಂಟಿನ ಮಾತು ಲೆಕ್ಕಕ್ಕಿಲ್ಲ. ನಡುರಾತ್ರಿ ನಿದ್ದೆಗೆಟ್ಟು ಒಬ್ಬ ಇನ್ನೊಬ್ಬನಿಗೆ ಬೈದು ಬರೆದದ್ದು ಲೆಕ್ಕಕ್ಕಿದೆ. ಬೈದವನಂತೂ ಪದ ಬಳಸಿದ್ದಾನಲ್ಲ!

ಇನ್ನು ಹಿಂಬಾಗಿಲಿನ ಕಥೆ. ನಾಯಿಗೆ 'ಹುಂಡೊ'. ನಾಯಿಗಳು 'ಹುಂಡೊಯ್'. ನಾಯಿಯನ್ನು 'ಹುಂಡೊನ್'. ನಾಯಿಗಳನ್ನು 'ಹುಂಡೊಯ್ನ್'. ಒಂದು ನಾಯಿಗೆ ನಾಲ್ಕು ಪುಟ. ಇಂಥವನ್ನು ಬಾಟ್‌ಗಳು, ಅಂದರೆ ತಾವಾಗಿಯೇ ಪುಟ ಬರೆಯುವ ಪ್ರೋಗ್ರಾಂಗಳು, ಸಾಲುಸಾಲಾಗಿ ಸುರಿಯುತ್ತವೆ, ಮೂರು ಸಾಕ್ಷಿ ಕೇಳುವವರನ್ನು ನಾನಂತೂ ಕಾಣೆ. ನಿಯಮದ ಪ್ರಕಾರ ಹುಟ್ಟಿದ ರೂಪ ತಾನೇ ಅನ್ನುತ್ತಾರೆ. ಹಾಗಾದರೆ ನಮ್ಮ ಮಾಜಿ ಮುಖ್ಯಸ್ಥೆ ಯಾವ ನಿಯಮ ಮುರಿದರು? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ಈ ಬಾಟ್‌ಗಳ ಕೈಗೆ ಕೊಟ್ಟಿದ್ದರೆ ಮನೆ, ಮನೆಯನ್ನು, ಮನೆಯಿಂದ, ಮನೆಗೆ, ಮನೆಯಲ್ಲಿ ಅಂತ ಸುತ್ತಿ ಸುತ್ತಿ ಮುಂದಿನ ಪದಕ್ಕೆ ಹೋಗುವಷ್ಟರಲ್ಲಿ ಪ್ರೆಸ್ಸಿನಲ್ಲಿ ಕಾಗದ ಮುಗಿಯುತ್ತಿತ್ತು.

ಎಸ್ಪೆರಾಂಟೊದಲ್ಲಿ ನನಗೆ ತುಂಬಾ ಇಷ್ಟದ ಪದ 'ಕಬೇಯಿ'. ಕಬೆ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕಾಜಿಮೇರ್ಜ್ ಬೈನ್ ಕೂಡ ಪೋಲೆಂಡಿನ ಕಣ್ಣಿನ ಡಾಕ್ಟರೇ. ಎಸ್ಪೆರಾಂಟೊಗೆ ನಿಘಂಟು ಬರೆದರು, ಚಳವಳಿಯ ದೊಡ್ಡ ತಲೆಯಾದರು. 1911ರಲ್ಲಿ ಇದ್ದಕ್ಕಿದ್ದಂತೆ ಎಲ್ಲ ಬಿಟ್ಟು ಎದ್ದು ಹೋದರು. ಅಂದಿನಿಂದ ಹುಮ್ಮಸ್ಸಿನಲ್ಲಿ ದುಡಿದು ಏಕಾಏಕಿ ಕೈಬಿಡುವುದಕ್ಕೆ 'ಕಬೇಯಿ' ಎಂಬ ಕ್ರಿಯಾಪದವೇ ಆಯಿತು. ಮಾಜಿ ಮುಖ್ಯಸ್ಥೆಗೆ ಮೂರನೇ ಸಾಕ್ಷಿ ಹುಡುಕಿ ಹುಡುಕಿ ಸಾಕಾಗಿ ಯಾರಾದರೂ ಒಂದು ದಿನ ಲಾಗೌಟ್ ಮಾಡಿ ಹೋದರೆ, ಹೇಳಲು ಪದಕ್ಕೆ ಬರವಿಲ್ಲ. ಹೋದ ಮೇಲೆ 'ಕಬೇಯಿಸ್'. ಇನ್ನು ಹೋಗುವವರಿಗೆ 'ಕಬೇಯೋಸ್'. ಆ ರೂಪಗಳ ಪುಟಗಳನ್ನು ಬಾಟ್ ನೋಡಿಕೊಳ್ಳುತ್ತದೆ ಬಿಡಿ.